ಕುಸುಮಾಲೆಯ ತವರು: ನಮ್ಮ ಕಥೆಗಳಲ್ಲಿ ಅನ್ಯಕುಲದ ದಾಂಪತ್ಯ

ಕೊಳ್ಳೇಗಾಲವನ್ನು ಬಿಟ್ಟು, ಹನೂರನ್ನು ಹಾದು, ಹೂಗ್ಯಂ ಕಡೆಗೆ ಹೊರಡುವ ಬಸ್ಸಿನಲ್ಲಿ ಒಂದು ಗಳಿಗೆ ಸುಮ್ಮನೆ ಕುಳಿತು ಕಿವಿಗೊಟ್ಟರೆ, ಈ ಸೀಮೆಯಲ್ಲಿ ಎಷ್ಟು ಬಗೆಯ ಜನ ಒಂದೇ ನೆಲದ ರಾಗಿಯನ್ನುಂಡು ಬದುಕುತ್ತಿದ್ದಾರೆಂಬುದು ತಾನಾಗಿಯೇ ಮನವರಿಕೆಯಾಗುತ್ತದೆ. 1956ರ ನವೆಂಬರ್ 1ರವರೆಗೆ ಕೊಯಮತ್ತೂರು ಜಿಲ್ಲೆಗೆ ಸೇರಿ ಮದರಾಸಿನ ಆಡಳಿತದಲ್ಲಿದ್ದ ಈ ಭಾಗದಲ್ಲಿ ಕನ್ನಡ ತಮಿಳುಗಳೆರಡೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುತ್ತವೆ. ಮಾರ್ಟಳ್ಳಿ, ಸಂದನಪಾಳ್ಯಗಳಲ್ಲಿ ತಮಿಳು ಮಾತಿನ ಕ್ರೈಸ್ತರ ಒಕ್ಕಲುಗಳಿವೆ. ಒಡೆಯರಪಾಳ್ಯದಲ್ಲಿ 1970ರ ದಶಕದಲ್ಲಿ ನೆಲೆಗೊಂಡ ಟಿಬೆಟ್ಟಿನ ನಿರಾಶ್ರಿತರು ಮುಸುಕಿನ ಜೋಳ ಬೆಳೆಯುತ್ತಾರೆ. ಇವರೆಲ್ಲರಿಗಿಂತ ಬಹುಪೂರ್ವದಿಂದ ಕಾಡಿನ ಅಂಚಿನಲ್ಲಿಯೂ ಒಳಗೂ ಸೋಲಿಗರ ವಸತಿಗಳಾದ ಪೋಡುಗಳಿವೆ. ಇಷ್ಟು ಕುಲಗಳು ಇಷ್ಟು ಹತ್ತಿರದಲ್ಲಿರುವ ಕಡೆ ಒಂದು ಕುಲದ ಗಂಡು ಇನ್ನೊಂದು ಕುಲದ ಹೆಣ್ಣನ್ನು ನೋಡದೆ ಇರುವುದು ಸಾಧ್ಯವಿಲ್ಲ. ನೋಡಿದ್ದು ಕೆಲವೊಮ್ಮೆ ಸಂಸಾರವಾಗದೆ ಇರುವುದೂ ಸಾಧ್ಯವಿಲ್ಲ. ಆದರೆ ಅಂಥ ಸಂಸಾರಗಳ ವಿಷಯವಾಗಿ ನಮ್ಮ ಪುರಾಣ, ಕಾದಂಬರಿ, ನಾಟಕ, ಚಲನಚಿತ್ರಗಳು ಇದುವರೆಗೆ ಹೇಳಿಕೊಂಡು ಬಂದಿರುವ ಕಥೆಗಳನ್ನು ಒಂದೆಡೆ ಇಟ್ಟು ನೋಡಿದರೆ, ನಾಲ್ಕೈದು ಹಳೆಯ ಅಚ್ಚುಗಳಲ್ಲಿಯೇ ಎಲ್ಲವನ್ನೂ ಎರಕ ಹೊಯ್ದಂತೆ ತೋರುತ್ತದೆ. ಆ ಅಚ್ಚುಗಳು ಯಾವುವು, ಅವು ಎಲ್ಲಿಂದ ಬಂದವು, ಅವುಗಳನ್ನು ಮುರಿದವರು ಯಾರಾದರೂ ಇದ್ದಾರೆಯೇ ಎಂಬುದನ್ನು ಸಾವಧಾನವಾಗಿ ಪರಿಶೀಲಿಸುವುದು ಈ ಬರಹದ ಉದ್ದೇಶ.

ಈ ಆಲೋಚನೆ ನನ್ನಲ್ಲಿ ಮೊಳೆತದ್ದು ಪುಸ್ತಕದಿಂದಲ್ಲ. ಹಲವು ವರ್ಷಗಳ ಹಿಂದೆ ಯಳಂದೂರಿನ ಕಡೆಯಿಂದ ಬಿಳಿಗಿರಿರಂಗನ ಬೆಟ್ಟವನ್ನು ಹತ್ತಿ, ಅಲ್ಲಿನ ಪೋಡೊಂದರಲ್ಲಿ ಪರಿಚಿತರ ಮನೆಯ ಜಗುಲಿಯಲ್ಲಿ ಕುಳಿತಿದ್ದೆ. ಎದುರಿಗೆ ಮುದುಕಿಯೊಬ್ಬಳು ಮೊರದಲ್ಲಿ ರಾಗಿ ಕೇರುತ್ತಿದ್ದಳು. ಆ ವರ್ಷ ಮಳೆ ಹಿಂದೆ ಬಿದ್ದಿತ್ತು. ಆಕೆ ಬೆಟ್ಟದ ಮೇಲಿನ ಗುಡಿಯ ಕಡೆಗೊಮ್ಮೆ ಮುಖವೆತ್ತಿ, ಮನೆಯ ಅಳಿಯನನ್ನು ಬಯ್ಯುವ ಧಾಟಿಯಲ್ಲಿ ರಂಗಪ್ಪನನ್ನು ಬಯ್ದಳು. ದೇವರನ್ನು ಹೀಗೆ ಅನ್ನಬಹುದೇ ಎಂದು ಕೇಳಿದೆ. ಮೊರವನ್ನು ನಿಲ್ಲಿಸದೆಯೇ ಆಕೆ ಹೇಳಿದಳು: “ಅವ ನಮ್ಗ ಭಾವ ಕಣಪ್ಪ. ನಮ್ಮೆಣ್ಣ ಕಟ್ಕೊಂಡವ್ನೆ. ಭಾವನ್ನ ನಾಕು ಮಾತು ಅನ್ನಾಕೂ ಆಗ್ದಿದ್ರೆ ಅದೆಂಥ ನಂಟಸ್ತನ?” ಕೇರಿದ ರಾಗಿಯ ಹೊಟ್ಟು ಗಾಳಿಗೆ ಹಾರಿ ನನ್ನ ಮೊಣಕಾಲಿನ ಮೇಲೆ ಕೂತಿತು, ಆಕೆ ಅದನ್ನು ಕೈಯಿಂದ ಒರಸಿ, ಮತ್ತೆ ಕೇರತೊಡಗಿದಳು.

ಬಿಳಿಗಿರಿರಂಗನು ಸೋಲಿಗರ ಹುಡುಗಿ ಕುಸುಮಾಲೆಯನ್ನು ಮೆಚ್ಚಿ ಮದುವೆಯಾದ ಕಥೆ ಈ ಸೀಮೆಯವರಿಗೆಲ್ಲ ತಿಳಿದುದೇ. ಹೇಳುವವರಿಂದ ಹೇಳುವವರಿಗೆ ಅದರ ವಿವರ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಆ ಸಂಬಂಧವೊಂದೇ. ಸೋಲಿಗರು ರಂಗನನ್ನು ಭಾವನೆಂದು ಕರೆಯುತ್ತಾರೆ. ಬಯಲುಸೀಮೆಯ ಭಕ್ತನು ಈ ಕಥೆಯನ್ನು ಹೇಳಿದಾಗ ಅದು ಭಗವಂತನ ಲೀಲೆಯಾಗುತ್ತದೆ: ವೈಕುಂಠಪತಿಯಾದವನು ಕಾಡಿನ ಒಂದು ಹೆಣ್ಣಿಗೂ ಒಲಿದನಲ್ಲ, ಎಂಥ ಕರುಣೆ, ಎಂದು ಅವನು ಕೈಮುಗಿಯುತ್ತಾನೆ. ಅದೇ ಕಥೆ ಪೋಡಿನಲ್ಲಿ ಹೇಳಲ್ಪಟ್ಟಾಗ ಕರುಣೆಯ ಮಾತೇ ಬರುವುದಿಲ್ಲ. ಸೋಲಿಗರಲ್ಲಿ ಒಬ್ಬರನ್ನೊಬ್ಬರು ಮೆಚ್ಚಿದ ಹುಡುಗ ಹುಡುಗಿಯರು ಕಾಡಿಗೆ ಹೊರಟುಹೋಗಿ, ಕೆಲವು ದಿನಗಳ ಮೇಲೆ ಹಿಂದಿರುಗಿ, ಯಜಮಾನ, ಪಟ್ಟಗಾರ, ಚಲವಾದಿಗಳೆಂಬ ಹಿರಿಯರ ಮುಂದೆ ತಪ್ಪಿನ ದಂಡವನ್ನು ತೆತ್ತು ದಂಪತಿಗಳಾಗಿ ಬಾಳುವ ಪದ್ಧತಿ ಹಿಂದಿನಿಂದ ಬಂದುದು. ಆದುದರಿಂದ ರಂಗನು ಕುಸುಮಾಲೆಯನ್ನು ಕರೆದುಕೊಂಡು ಹೋದುದು ಬಯಲಿನವರ ಕಿವಿಗೆ ಅಪಹರಣವಾಗಿಯೋ ದೈವಲೀಲೆಯಾಗಿಯೋ ಕೇಳಿಸಿದರೆ, ಸೋಲಿಗರ ಕಿವಿಗೆ ತಮ್ಮ ಮನೆಯಲ್ಲಿ ನಡೆಯುವ ಮದುವೆಗಳಲ್ಲಿ ಒಂದಾಗಿ ಕೇಳಿಸುತ್ತದೆ. ಹೆಣ್ಣು ಕೊಟ್ಟ ಮನೆಯವರಿಗೆ ಇರುವ ಸಲಿಗೆ, ಹಕ್ಕು, ಮುನಿಸು ಎಲ್ಲವೂ ಅವರಿಗೆ ಆ ದೇವರ ಮೇಲಿದೆ. ಒಂದೇ ದಾಂಪತ್ಯವು ಎರಡು ಅಂಗಳಗಳಿಂದ ಎರಡು ಬೇರೆ ಕಥೆಗಳಾಗುವುದನ್ನು ನಾನು ಮೊದಲು ಕಂಡದ್ದು ಅಂದು ಆ ಜಗುಲಿಯಲ್ಲಿ. ನಮ್ಮ ಸಾಹಿತ್ಯದಲ್ಲಿ ಇಂಥ ದಾಂಪತ್ಯಗಳು ಬಹುಮಟ್ಟಿಗೆ ಒಂದೇ ಅಂಗಳದಿಂದ ಹೇಳಲ್ಪಟ್ಟಿವೆಯೆಂಬುದು ಆಮೇಲೆ ಒಂದೊಂದಾಗಿ ಓದುತ್ತ ಹೋದಂತೆ ಗೊತ್ತಾಯಿತು.

ಅಚ್ಚುಗಳಲ್ಲಿ ಅತ್ಯಂತ ಹಳೆಯದು ಹಿಡಿಂಬೆಯದು. ಅರಗಿನ ಮನೆಯಿಂದ ಪಾರಾಗಿ ಕಾಡು ಸೇರಿದ ಪಾಂಡವರಲ್ಲಿ ಭೀಮನನ್ನು ಆಕೆ ತಾನಾಗಿ ಬಯಸುತ್ತಾಳೆ; ಅವನಿಗಾಗಿ ಒಡಹುಟ್ಟಿದ ಅಣ್ಣನನ್ನು ಬಿಟ್ಟುಕೊಡುತ್ತಾಳೆ; ಕುಂತಿಯ ಒಪ್ಪಿಗೆಯಿಂದ, ಮಗನೊಬ್ಬ ಹುಟ್ಟುವವರೆಗೆ ಮಾತ್ರ ಎಂಬ ಕಟ್ಟಿನ ಮೇಲೆ, ಅವನ ಮಡದಿಯಾಗುತ್ತಾಳೆ. ಘಟೋತ್ಕಚನು ಹುಟ್ಟಿದೊಡನೆ ಪಾಂಡವರು ಮುಂದೆ ಸಾಗುತ್ತಾರೆ, ಆಕೆ ಕಾಡಿನಲ್ಲಿಯೇ ಉಳಿಯುತ್ತಾಳೆ. ಇಂದ್ರಪ್ರಸ್ಥದ ಅರಮನೆಯಲ್ಲಿ ಆಕೆಗೊಂದು ಅಂತಃಪುರವಿಲ್ಲ. ಕುರುಕ್ಷೇತ್ರದಲ್ಲಿ ಕರ್ಣನ ಶಕ್ತ್ಯಾಯುಧವು ಅರ್ಜುನನನ್ನು ತಾಗದಿರಬೇಕಾದಾಗ ಆಕೆಯ ಮಗನ ನೆನಪಾಗುತ್ತದೆ. ಅವನು ಬಂದು ಆ ಆಯುಧವನ್ನು ತನ್ನ ಎದೆಯ ಮೇಲೆ ತೆಗೆದುಕೊಂಡು ಬೀಳುತ್ತಾನೆ. ಕಾಡಿನ ಹೆಣ್ಣು ತಾನೇ ಮುಂದಾಗಿ ಒಲಿಯುವಳು, ಒಲಿದವನಿಗಾಗಿ ತನ್ನವರನ್ನು ತೊರೆಯುವಳು, ಏನನ್ನೂ ಬೇಡಳು, ಕಡೆಗೆ ಪ್ರಿಯನ ಕುಲದ ಉಳಿವಿಗೆ ತನ್ನ ಮಗುವನ್ನೂ ಕೊಡುವಳು ಎಂಬ ಈ ಚಿತ್ರವು ಮಹಾಭಾರತದಿಂದ ಹೊರಟು ನಮ್ಮ ಕಾಲದ ಚಲನಚಿತ್ರಗಳವರೆಗೆ ಅವಿಚ್ಛಿನ್ನವಾಗಿ ಹರಿದುಬಂದಿದೆ. ಮುಖಕ್ಕೆ ಕಪ್ಪು ಬಣ್ಣ ಬಳಿದುಕೊಂಡು, ಮಣಿಸರ ಹಾಕಿಕೊಂಡು, ಪಟ್ಟಣದಿಂದ ಬಂದ ಅಧಿಕಾರಿಯ ಮುಂದೆ ಕುಣಿದು, ಕೊನೆಯ ದೃಶ್ಯದಲ್ಲಿ ಅವನಿಗೆ ಬರಬೇಕಾದ ಗುಂಡಿಗೆ ಅಡ್ಡವಾಗಿ ಬಿದ್ದು ಸಾಯುವ ಆ ‘ಕಾಡಿನ ಹುಡುಗಿ’ಯನ್ನು ತೆರೆಯ ಮೇಲೆ ಕಂಡಾಗಲೆಲ್ಲ ನನಗೆ ಹಿಡಿಂಬೆಯ ನೆನಪಾಗುತ್ತದೆ. ಆಕೆ ಬದುಕಿ ಉಳಿದರೆ ನಾಯಕನು ಆಕೆಯನ್ನು ತನ್ನ ಮನೆಗೆ ಕರೆದೊಯ್ಯಬೇಕಾದೀತು, ತನ್ನ ತಾಯಿಯ ಮುಂದೆ ನಿಲ್ಲಿಸಬೇಕಾದೀತು. ಆ ಕಷ್ಟವನ್ನು ಗುಂಡು ತಪ್ಪಿಸುತ್ತದೆ.

ದೇವರ ಮದುವೆಗಳಲ್ಲಿಯೂ ಅನ್ಯಕುಲದ ಹೆಣ್ಣು ಸಾಮಾನ್ಯವಾಗಿ ಎರಡನೆಯವಳು. ಮೈಲಾರಲಿಂಗನ ಕಥೆಯಲ್ಲಿ ಕುರುಬರ ಹೆಣ್ಣು ಎರಡನೆಯ ಮಡದಿ. ತಮಿಳರ ಮುರುಗನಿಗೆ ಬೇಡರ ವಳ್ಳಿ ಎರಡನೆಯವಳು. ಮೇಲುಕೋಟೆಯಲ್ಲಿ ದೆಹಲಿಯ ಸುಲ್ತಾನನ ಮಗಳು ಚೆಲುವಪಿಳ್ಳೆಯ ಮೂರ್ತಿಯನ್ನು ಅಗಲಲಾರದೆ ಬೆನ್ನಟ್ಟಿ ಬಂದು ಅವನಲ್ಲಿಯೇ ಐಕ್ಯಳಾದಳೆಂಬ ಕಥೆಯುಂಟು. ಬೀಬಿ ನಾಚ್ಚಿಯಾರಳಾಗಿ ಆಕೆಗೆ ದೇವರ ಪಾದದ ಬಳಿ ಸ್ಥಾನವುಂಟು. ಮತದ್ವೇಷದ ಕಾಲದಲ್ಲಿ ಇಂಥದೊಂದು ಕಥೆಯನ್ನು ಕಾಪಾಡಿಕೊಂಡು ಬಂದ ಜನರ ಹೃದಯವೈಶಾಲ್ಯಕ್ಕೆ ನಾನು ತಲೆಬಾಗುತ್ತೇನೆ. ಆದರೂ ಅನ್ಯಮತದ ಹೆಣ್ಣಿಗೆ ಒಳಬರಲು ಇದ್ದ ದಾರಿ ಕರಗಿಹೋಗುವುದೊಂದೇ ಆಗಿತ್ತೆಂಬುದನ್ನು ಗಮನಿಸದೆ ಇರಲಾಗದು. ಕುಸುಮಾಲೆ ಕರಗಲಿಲ್ಲ. ಆಕೆಗೆ ತವರಿದೆ, ತವರಿನವರು ಇನ್ನೂ ಬಾಗಿಲಿಗೆ ಬಂದು ಭಾವನನ್ನು ವಿಚಾರಿಸಿಕೊಳ್ಳುತ್ತಾರೆ. ಇದೇ ಅವಳ ಕಥೆಯನ್ನು ಉಳಿದವುಗಳಿಂದ ಬೇರ್ಪಡಿಸುವ ಅಂಶ.

ಹೆಣ್ಣಿಗೆ ಹಿಡಿಂಬೆಯ ಅಚ್ಚಾದರೆ ಗಂಡಿಗೆ ಸಂಶಯದ ಅಚ್ಚು. ಮಲೆಯ ಮಹದೇಶ್ವರನ ಕಾವ್ಯದಲ್ಲಿ ಸಂಕಮ್ಮನ ಸಾಲು ಎಂಬುದೊಂದುಂಟು. ಕಂಸಾಳೆಯವರು ಅದನ್ನು ಹಾಡುವಾಗ ಇಡೀ ಜಾತ್ರೆಯ ಜನ ಕಣ್ಣೀರಿಡುವುದನ್ನು ಕಂಡಿದ್ದೇನೆ. ಸೋಲಿಗರ ನೀಲಯ್ಯನು ಕಾಡಿಗೆ ಹೋಗುವ ಮುನ್ನ ಹೆಂಡತಿ ಸಂಕಮ್ಮನಿಂದ ಶೀಲದ ಭಾಷೆ ಬೇಡುತ್ತಾನೆ, ಆಕೆ ಕೊಡಲೊಲ್ಲಳು, ಅವನು ಆಕೆಯನ್ನು ಹಿಂಸಿಸಿ ಕಟ್ಟುಕಟ್ಟಿ ಹೋಗುತ್ತಾನೆ. ಮಹದೇಶ್ವರನು ಜಂಗಮನಾಗಿ ಬಂದು ಬಿಡಿಸಿ ಕಾರಯ್ಯ ಬಿಲ್ಲಯ್ಯರೆಂಬ ಮಕ್ಕಳನ್ನು ಕೊಡುತ್ತಾನೆ. ಇಲ್ಲಿ ಗಂಡಹೆಂಡಿರಿಬ್ಬರೂ ಸೋಲಿಗರೇ ಆದುದರಿಂದ ನಮ್ಮ ವಿಷಯಕ್ಕೆ ಇದು ನೇರವಾಗಿ ಸೇರದು. ಆದರೆ ಕಾಡಿನ ಗಂಡಸೆಂದರೆ ಸಂಶಯಪಿಶಾಚಿ ಎಂಬ ಭಾವನೆ ಬಯಲಿನವರ ಮನಸ್ಸಿನಲ್ಲಿ ಬೇರೂರಲು ಈ ಸಾಲನ್ನು ತಪ್ಪಾಗಿ ಕೇಳಿಸಿಕೊಂಡದ್ದೂ ಒಂದು ಕಾರಣವೆಂದು ನಾನು ಭಾವಿಸುತ್ತೇನೆ. ಸಂಕಮ್ಮನ ದಿಟ್ಟತನವೂ ಸೋಲಿಗರದೇ ಎಂಬುದನ್ನು ಅವರು ಮರೆತುಬಿಡುತ್ತಾರೆ. ಇಂಗ್ಲೆಂಡಿನಲ್ಲಿ ಹದಿನೇಳನೆಯ ಶತಮಾನದ ಆದಿಯಲ್ಲಿ ಷೇಕ್ಸ್‌ಪಿಯರನು ರಚಿಸಿದ ‘ಒಥೆಲೊ’ವೂ ಇದೇ ಭೀತಿಯನ್ನು ಅತ್ಯುಜ್ವಲವಾದ ಕಲೆಯಾಗಿ ಮಾಡಿತು: ಕಪ್ಪು ಬಣ್ಣದ ಸೇನಾನಿ, ಬಿಳಿಯ ಕುಲೀನ ಕನ್ಯೆ, ಒಂದು ಕರವಸ್ತ್ರ, ಕೊಲೆ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಸವಪ್ಪಶಾಸ್ತ್ರಿಗಳು ‘ಶೂರಸೇನ ಚರಿತ್ರೆ’ಯೆಂಬ ಹೆಸರಿನಿಂದ ಅದನ್ನು ಕನ್ನಡದ ರಂಗಕ್ಕೆ ತಂದರು. ಷೇಕ್ಸ್‌ಪಿಯರನು ಒಥೆಲೊವಿಗೆ ಮಹಾನುಭಾವನ ಭಾಷೆಯನ್ನು ಕೊಟ್ಟನು. ಆದರೆ ಮುಂದಿನವರು ಆ ಭಾಷೆಯನ್ನು ಬಿಟ್ಟು ಕತ್ತು ಹಿಸುಕುವ ಕೈಗಳನ್ನು ಮಾತ್ರ ಎರವಲು ಪಡೆದರು.

ಇತಿಹಾಸದ ಕಡೆಗೆ ತಿರುಗಿದರೆ, ಕನ್ನಡನಾಡಿನಲ್ಲಿ ಅಂತರ್ಜಾತೀಯ ವಿವಾಹವೆಂದೊಡನೆ ಎಲ್ಲರ ನೆನಪಿಗೂ ಬರುವುದು ಹನ್ನೆರಡನೆಯ ಶತಮಾನದ ಕಲ್ಯಾಣ. ಸಮಗಾರ ಹರಳಯ್ಯನ ಮಗನಿಗೂ ಬ್ರಾಹ್ಮಣ ಮೂಲದ ಮಧುವರಸನ ಮಗಳಿಗೂ ವಿವಾಹವಾಯಿತು, ತಂದೆಗಳಿಬ್ಬರನ್ನೂ ಎಳೆಹೂಟೆಗೆ ಕಟ್ಟಿಸಲಾಯಿತು, ಕಲ್ಯಾಣದಲ್ಲಿ ಕ್ರಾಂತಿಯೆದ್ದಿತು. ಈ ಪ್ರಸಂಗವನ್ನು ಕುರಿತು ಎಷ್ಟೋ ನಾಟಕಗಳು ಬಂದಿವೆ. ಗಿರೀಶ ಕಾರ್ನಾಡರ ‘ತಲೆದಂಡ’ (1990) ಅವುಗಳಲ್ಲಿ ಬಹುಪ್ರಸಿದ್ಧವಾದುದು. ಓದುಗರು ಒಂದು ಸಣ್ಣ ಪರೀಕ್ಷೆಯನ್ನು ತಾವೇ ಮಾಡಿಕೊಳ್ಳಬಹುದು: ಹರಳಯ್ಯ, ಮಧುವರಸ ಎಂಬ ಹೆಸರುಗಳು ಶಾಲೆಯ ಮಕ್ಕಳಿಗೂ ಗೊತ್ತು, ಮದುವೆಯಾದ ಆ ಹುಡುಗಿಯ ಹೆಸರೇನು? ಒಂದು ಕಡೆ ಲಾವಣ್ಯವತಿ, ಇನ್ನೊಂದು ಕಡೆ ಕಲಾವತಿ. ಪರಂಪರೆಗೆ ಆಕೆಯ ಹೆಸರೊಂದನ್ನು ಸ್ಥಿರವಾಗಿ ನೆನಪಿಟ್ಟುಕೊಳ್ಳುವ ಅಗತ್ಯ ಕಾಣಲಿಲ್ಲ. ತಂದೆಗಳ ಹೌತಾತ್ಮ್ಯಕ್ಕೆ ಮದುವೆಯು ನಿಮಿತ್ತವಾಯಿತು, ದೊರೆಯ ಪತನಕ್ಕೆ ಹೇತುವಾಯಿತು, ಧರ್ಮದ ಪರೀಕ್ಷೆಗೆ ಒರೆಗಲ್ಲಾಯಿತು. ಮದುವೆಯ ಮರುದಿನ ಆ ಬ್ರಾಹ್ಮಣಕನ್ಯೆ ತೊಗಲು ಹದಮಾಡುವ ಮನೆಯಲ್ಲಿ ಕಣ್ಣುಬಿಟ್ಟಾಗ ಆಕೆಗೆ ಏನನ್ನಿಸಿತು, ಅತ್ತೆ ಆಕೆಯನ್ನು ಹೇಗೆ ಕೂಗಿ ಕರೆದಳು ಎಂಬುದು ನಮ್ಮ ನಾಟಕಗಳಲ್ಲಿ ಎಂದೂ ಮುಖ್ಯ ಪ್ರಶ್ನೆಯಾಗಿ ಬಂದಿಲ್ಲ. ದಂಪತಿಗಳನ್ನು ಮಹತ್ತಾದ ಯಾವುದೋ ವಿಚಾರಕ್ಕೆ ಪ್ರತಿಮೆಯಾಗಿ ಮಾಡಿ ಅವರ ಮನುಷ್ಯತ್ವವನ್ನು ಕಡೆಗಣಿಸುವ ಈ ಅಚ್ಚು, ನೋಟಕ್ಕೆ ಗೌರವದಂತೆ ಕಾಣುವುದರಿಂದಲೇ, ಉಳಿದೆಲ್ಲಕ್ಕಿಂತ ಗುರುತಿಸಲು ಕಠಿಣವಾದುದು.

ಕಾದಂಬರಿಯ ಯುಗದಲ್ಲಿ ಶಿವರಾಮ ಕಾರಂತರ ‘ಚೋಮನ ದುಡಿ’ (1933) ಈ ವಸ್ತುವನ್ನು ಸ್ಪರ್ಶಿಸುತ್ತದೆ. ಚೋಮನ ಮಗ ಗುರುವನು ಕ್ರೈಸ್ತ ಹುಡುಗಿಯೊಬ್ಬಳಿಗೆ ಒಲಿದು ಆ ಮತವನ್ನೇ ಸೇರುತ್ತಾನೆ. ಆದರೆ ಕಾದಂಬರಿಯ ದೃಷ್ಟಿ ಚೋಮನ ಎದೆಯಲ್ಲಿ ನೆಟ್ಟಿರುವುದರಿಂದ, ಆ ದಾಂಪತ್ಯವು ಅಪ್ಪನಿಗಾದ ನಷ್ಟವಾಗಿ ಮಾತ್ರ ನಮಗೆ ಕಾಣಿಸುತ್ತದೆ; ಕೃತಿಯ ಬಂಧ ಅದನ್ನೇ ಬೇಡುತ್ತದೆಯಾದುದರಿಂದ ಇದನ್ನು ದೋಷವೆನ್ನಲಾರೆ. ಯು. ಆರ್. ಅನಂತಮೂರ್ತಿಯವರ ‘ಸಂಸ್ಕಾರ’ದ (1965) ವಿಷಯವಾಗಿ ನನಗೆ ಅಷ್ಟು ಸಮಾಧಾನವಿಲ್ಲ. ಅಗ್ರಹಾರದ ಹೆಂಗಸರು ರೋಗಿಷ್ಠರು, ಬಾಡಿದವರು. ಅನ್ಯಕುಲದ ಚಂದ್ರಿಯೂ ಬೆಳ್ಳಿಯೂ ಕಪ್ಪು ಮಣ್ಣಿನಂತೆ ಫಲವತ್ತಾದ ದೇಹಗಳು. ಅಗ್ರಹಾರದ ಗುರು ಪ್ರಾಣೇಶಾಚಾರ್ಯರ ಬಿಡುಗಡೆಗೆ ಕಾಡಿನ ಕತ್ತಲಲ್ಲಿ ಚಂದ್ರಿಯ ಸ್ಪರ್ಶ ಬೇಕಾಗುತ್ತದೆ. ಆಕೆಯೊಡನೆ ಬಾಳಿದ್ದ ನಾರಣಪ್ಪನ ಶವವನ್ನು ರಾತ್ರೋರಾತ್ರಿ ದಹನ ಮಾಡಿಸುವ ಧೈರ್ಯ ಇಡೀ ಅಗ್ರಹಾರದಲ್ಲಿ ಆಕೆಯೊಬ್ಬಳಿಗೇ ಇರುತ್ತದೆ. ಅಷ್ಟಾದ ಮೇಲೆ ಆಕೆ ಕುಂದಾಪುರಕ್ಕೆ ಹೊರಟುಹೋಗುತ್ತಾಳೆ, ಕಥೆ ಆಚಾರ್ಯರ ಆತ್ಮಶೋಧನೆಯ ಹಿಂದೆ ಹೋಗುತ್ತದೆ. ನಾರಣಪ್ಪನೊಡನೆ ಆಕೆ ವರ್ಷಗಟ್ಟಲೆ ಸಂಸಾರ ಮಾಡಿದ್ದಳು. ಆ ಸಂಸಾರವೇ ಕನ್ನಡದಲ್ಲಿ ಒಂದು ಮಹಾಕಾದಂಬರಿಗೆ ವಸ್ತುವಾಗಬಹುದಿತ್ತು. ‘ಸಂಸ್ಕಾರ’ವು ಮಹತ್ಕೃತಿಯೆಂಬುದರಲ್ಲಿ ನನಗೆ ಸಂದೇಹವಿಲ್ಲ, ಆದರೆ ಹಿಡಿಂಬೆಯನ್ನು ಅದು ಅಗ್ರಹಾರದ ಹಿತ್ತಿಲಿಗೆ ತಂದು ನಿಲ್ಲಿಸಿತೇ ಹೊರತು ಆಕೆಗೆ ಮನೆಯೊಂದನ್ನು ಕಟ್ಟಿಕೊಡಲಿಲ್ಲ.

ಚಲನಚಿತ್ರಗಳಲ್ಲಿ ಪರಧರ್ಮದ ಪ್ರೇಮಕ್ಕೆ ಪ್ರಪಾತವೇ ಗತಿಯೆಂಬಂತೆ ಆಗಿದೆ. ಪುಟ್ಟಣ್ಣ ಕಣಗಾಲರ ‘ನಾಗರಹಾವು’ (1972) ಚಿತ್ರದಲ್ಲಿ ಚಿತ್ರದುರ್ಗದ ಬಂಡೆಗಳ ತುದಿಯಿಂದ ರಾಮಾಚಾರಿಯೂ ಮಾರ್ಗರೆಟ್ಟಳೂ ಕೈಹಿಡಿದು ಧುಮುಕುವುದನ್ನು ನೋಡಿ ಅತ್ತವರಲ್ಲಿ ನಾನೂ ಒಬ್ಬ. ಆ ಮರಣವನ್ನು ನಾವು ಪ್ರೇಮದ ಜಯವೆಂದು ಕೊಂಡಾಡಿದೆವು. ವಾಸ್ತವವಾಗಿ, ಅವರಿಬ್ಬರೂ ಬದುಕಿ ಒಂದು ಬಾಡಿಗೆ ಮನೆ ಹುಡುಕುವ ದೃಶ್ಯವನ್ನು ಊಹಿಸಿಕೊಳ್ಳಲು ನಮಗಾರಿಗೂ ಶಕ್ತಿಯಿರಲಿಲ್ಲ.

ಸಮುದ್ರದಾಚೆಯ ಸೊಸೆಯ ಚಿತ್ರವನ್ನು ಸ್ವಲ್ಪ ವಿಸ್ತಾರವಾಗಿ ನೋಡಬೇಕು. ಎಸ್. ಎಲ್. ಭೈರಪ್ಪನವರ ‘ತಬ್ಬಲಿಯು ನೀನಾದೆ ಮಗನೆ’ (1968) ಕಾದಂಬರಿಯಲ್ಲಿ ಕಾಳಿಂಗನು ಅಮೆರಿಕದಲ್ಲಿ ಓದಿ, ಅಲ್ಲಿಯ ಹಿಲ್ಡಾಳನ್ನು ಮದುವೆಯಾಗಿ, ತನ್ನ ಹಳ್ಳಿಗೆ ಕರೆತರುತ್ತಾನೆ. ಪುಣ್ಯಕೋಟಿಯ ವಂಶದ ಹಸುಗಳನ್ನು ಪೂಜಿಸುವ ಊರಿಗೂ ಹಸುವನ್ನು ಪಶುವೆಂದು ಬಗೆಯುವ ಆಕೆಗೂ ಘರ್ಷಣೆಯುಂಟಾಗುತ್ತದೆ. 1977ರಲ್ಲಿ ಗಿರೀಶ ಕಾರ್ನಾಡ ಹಾಗೂ ಬಿ. ವಿ. ಕಾರಂತರು ಇದನ್ನು ಚಲನಚಿತ್ರವಾಗಿ ನಿರ್ದೇಶಿಸಿದರು. ಹಿಂದಿಯಲ್ಲಿ ಅದು ‘ಗೋಧೂಳಿ’. ಹಿಲ್ಡಾಳ ಮಾತಿಗೆ ಭೈರಪ್ಪನವರು ತರ್ಕಬಲವನ್ನು ಧಾರಾಳವಾಗಿ ಕೊಟ್ಟಿದ್ದಾರೆ. ಆಕೆ ಮೂರ್ಖಳಲ್ಲ, ದುಷ್ಟಳೂ ಅಲ್ಲ. ಆದರೂ ಆಕೆ ಬಾಯಿ ತೆರೆದಾಗಲೆಲ್ಲ ಪಶ್ಚಿಮದ ನಾಗರಿಕತೆಯೇ ಬಾಯಿ ತೆರೆದಂತಾಗುತ್ತದೆ. ಪರದೇಶದಲ್ಲಿ ಒಂಟಿಯಾದ ಹೆಣ್ಣೊಬ್ಬಳು ರಾತ್ರಿ ಗಂಡನ ಬಳಿ ತನ್ನ ತಾಯಿಯನ್ನು ನೆನೆದು ಮಾತನಾಡಿರಲೇಬೇಕು. ಆ ಮಾತುಗಳು ವಾದದ ಭಾರದಡಿ ಸಿಕ್ಕಿಹೋಗಿವೆ. ಆಮೇಲಿನ ಜನಪ್ರಿಯ ಕಥೆಗಳಲ್ಲಿ ವಿದೇಶೀ ಸೊಸೆಗೆ ಎರಡೇ ವೇಷಗಳು ಉಳಿದವು: ಒಂದೋ ಆಕೆ ಸಂಸಾರವನ್ನು ಮುರಿದುಕೊಂಡು ಹೊರಟುಹೋಗುವವಳು, ಇಲ್ಲವೇ ರೇಷ್ಮೆಸೀರೆಯುಟ್ಟು, ತೊದಲುಗನ್ನಡ ಆಡಿ, ಅತ್ತೆಯ ಪಾದಕ್ಕೆರಗಿ, ನಮ್ಮ ಸಂಸ್ಕೃತಿ ಎಷ್ಟು ದೊಡ್ಡದೆಂದು ನಮಗೇ ಪ್ರಮಾಣಪತ್ರ ಕೊಡುವವಳು.

ಇದರ ಮಗ್ಗುಲಿನಲ್ಲಿ ನಿಜವಾಗಿ ನಡೆದ ಒಂದು ಮದುವೆಯನ್ನಿಟ್ಟು ನೋಡಬಹುದು. ಕೊಡಗಿನ ಕೊನೆಯ ಅರಸ ಚಿಕವೀರರಾಜೇಂದ್ರನು 1834ರಲ್ಲಿ ಪದಚ್ಯುತನಾಗಿ ಕಾಶಿಯಲ್ಲಿದ್ದು, 1852ರಲ್ಲಿ ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೆ ಹೋದನು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತು ಆ ಬಾಲಿಕೆಗೆ ದೀಕ್ಷಾಸ್ನಾನವಾಯಿತು. 1860ರಲ್ಲಿ ಆಕೆ ಕರ್ನಲ್ ಜಾನ್ ಕ್ಯಾಂಪ್‌ಬೆಲ್ಲನನ್ನು ವಿವಾಹವಾಗಿ, ಒಂದು ಹೆಣ್ಣುಮಗುವಿನ ತಾಯಾಗಿ, 1864ರಲ್ಲಿ ತೀರಿಕೊಂಡಳು. ಮಾಸ್ತಿಯವರ ‘ಚಿಕವೀರ ರಾಜೇಂದ್ರ’ (1956) ಕೊಡಗಿನ ಕಥೆಯನ್ನು ಮುಗಿಸಿ ಕಡೆಯಲ್ಲಿ ಈ ಮಗಳ ಬಾಳನ್ನು ಸಂಕ್ಷೇಪವಾಗಿ ಹೇಳುತ್ತದೆ. ಒಂದು ನಾಡು ಕಳೆದುಹೋದುದರ ದುಃಖವನ್ನು ಅದು ಗಾಢವಾಗಿ ತುಂಬಿಕೊಂಡಿದೆ; ಆದರೆ ಲಂಡನ್ನಿನ ಮಂಜಿನಲ್ಲಿ, ಕನ್ನಡದ ಒಂದು ಶಬ್ದವೂ ಕಿವಿಗೆ ಬೀಳದ ಮನೆಯಲ್ಲಿ, ತನಗಿಂತ ಬಹು ಹಿರಿಯನಾದ ಗಂಡನೊಡನೆ ಬಾಳಿದ ಇಪ್ಪತ್ತರ ಪ್ರಾಯದ ಗೌರಮ್ಮನಿಗೆ ಅಲ್ಲಿ ಸಿಕ್ಕಿರುವುದು ಕೆಲವೇ ಪುಟಗಳು. ರಾಜಪುತ್ರಿಯ ಮದುವೆಯು ರಾಜ್ಯದ ಅವಸಾನದ ಟಿಪ್ಪಣಿಯಾಗಿ ನಿಂತಿತು. ಈ ಹುಡುಗಿಯ ಬಾಳಿನ ಕಥೆ ಕನ್ನಡದ ಕಾದಂಬರಿಕಾರರಿಗಾಗಿ ಇನ್ನೂ ಉಳುಮೆಯಾಗದ ಹೊಲದಂತೆ ಬಿದ್ದಿದೆ.

ಹೀಗೆ ಹಳೆಯ ಅಚ್ಚುಗಳಲ್ಲಿ ಎರಕ ಹೊಯ್ಯುವುದು ನಮ್ಮೊಬ್ಬರ ದೋಷವಲ್ಲ. ಇಟಲಿಯ ಪುಚ್ಚೀನಿಯ ಸಂಗೀತನಾಟಕ ‘ಮದಾಮ ಬಟರ್‌ಫ್ಲೈ’ (1904) ಜಪಾನಿನ ಹೆಣ್ಣನ್ನು ಅಮೆರಿಕದ ನಾವಿಕನಿಗಾಗಿ ಕಾಯಿಸಿ, ಮಗುವನ್ನು ಅವನ ಕೈಗೊಪ್ಪಿಸಿ, ಆತ್ಮಹತ್ಯೆ ಮಾಡಿಸಿತು. ಹಿಡಿಂಬೆಗೆ ಆದುದು ಅಲ್ಲಿಯೂ ಆಯಿತು. ಅಮೆರಿಕದ ಚಲನಚಿತ್ರೋದ್ಯಮವು 1930ರಲ್ಲಿ ರಚಿಸಿಕೊಂಡ ಸಂಹಿತೆಯು ಕರಿಯ ಬಿಳಿಯ ಜನಾಂಗಗಳ ನಡುವಣ ದಾಂಪತ್ಯವನ್ನು ತೆರೆಯ ಮೇಲೆ ತೋರಿಸುವುದನ್ನೇ ನಿಷೇಧಿಸಿತ್ತು. ಅಂಥ ವಿವಾಹಗಳನ್ನು ಅಪರಾಧವೆಂದು ಸಾರಿದ್ದ ರಾಜ್ಯಶಾಸನಗಳನ್ನು ಅಲ್ಲಿಯ ಪರಮೋಚ್ಚ ನ್ಯಾಯಾಲಯವು ರದ್ದುಪಡಿಸಿದ್ದು 1967ರ ಜೂನ್ 12ರಂದು. ಅದೇ ವರ್ಷದ ಕೊನೆಗೆ ತೆರೆಕಂಡ ‘ಗೆಸ್ ಹೂ ಈಸ್ ಕಮಿಂಗ್ ಟು ಡಿನ್ನರ್’ ಎಂಬ ಚಿತ್ರದಲ್ಲಿ ಸಿಡ್ನಿ ಪ್ವಾಟಿಯೇ ಅಭಿನಯಿಸಿದ ಕರಿಯ ವರನು ಲೋಕವಿಖ್ಯಾತ ವೈದ್ಯ, ಸಭ್ಯ, ನಿಷ್ಕಳಂಕ. ಅಂಥವನನ್ನೂ ಅಳಿಯನಾಗಿ ಒಪ್ಪಲು ಉದಾರಿಗಳೆಂದು ಹೆಸರಾದ ತಂದೆತಾಯಿಗಳು ಒಂದು ಇಡೀ ದಿನ ಒದ್ದಾಡುತ್ತಾರೆ. ಸದುದ್ದೇಶದಿಂದ ಹುಟ್ಟಿದ ಅಚ್ಚು ಇದು: ಅನ್ಯನು ಸ್ವೀಕಾರಾರ್ಹನಾಗಬೇಕಾದರೆ ದೇವತೆಯೇ ಆಗಿರಬೇಕು. ನಮ್ಮಲ್ಲಿಯೂ ಮೇಲ್ಜಾತಿಯ ಹುಡುಗಿಯನ್ನು ವರಿಸುವ ದಲಿತ ಯುವಕನು ಕಥೆಗಳಲ್ಲಿ ಪ್ರಥಮ ದರ್ಜೆಯಲ್ಲಿ ಪಾಸಾಗಿ, ದೊಡ್ಡ ಅಧಿಕಾರಿಯಾಗಿ, ಯಾವ ಚಟವೂ ಇಲ್ಲದವನಾಗಿ ಬರುತ್ತಾನೆ. ಆ ಹುಡುಗಿಯ ಅಣ್ಣನು ಸೋಮಾರಿಯಾಗಿರಬಹುದು, ಕುಡುಕನೂ ಆಗಿರಬಹುದು. ವರನಿಗೆ ಆ ಸ್ವಾತಂತ್ರ್ಯವಿಲ್ಲ.

ಭೈರಪ್ಪನವರ ‘ದಾಟು’ (1972) ಈ ದೃಷ್ಟಿಯಿಂದ ಮೆಚ್ಚತಕ್ಕ ಕೆಲಸವೊಂದನ್ನು ಮಾಡಿತು. ಬ್ರಾಹ್ಮಣರ ಸತ್ಯಭಾಮೆಗೂ ಒಕ್ಕಲಿಗರ ಶ್ರೀನಿವಾಸನಿಗೂ ನಡುವಿನ ಪ್ರೇಮಕ್ಕೆ ಅಡ್ಡಿ ಎರಡೂ ಮನೆಗಳಿಂದ ಬರುತ್ತದೆ. ಪ್ರತಿಯೊಂದು ಕುಲವೂ ತನ್ನ ಕೆಳಗೊಂದು ಕುಲವನ್ನು ಹುಡುಕಿಕೊಂಡಿರುವುದನ್ನು ಲೇಖಕರು ದಾಕ್ಷಿಣ್ಯವಿಲ್ಲದೆ ತೋರಿಸುತ್ತಾರೆ. ಎರಡೂ ಅಂಗಳಗಳಲ್ಲಿ ನಿಂತು ನೋಡಿದ ಕೃತಿ ಅದು. ಆದರೆ ಅಲ್ಲಿಯೂ ಪ್ರೇಮವು ಮನೆಯಾಗುವ ಮೊದಲೇ ಮುರಿಯುತ್ತದೆ.

ನಾನು ಹೇಳಬೇಕೆಂದಿದ್ದುದಕ್ಕೆ ಅತ್ಯಂತ ಸಮೀಪವಾದ ಕೃತಿ ನಮ್ಮ ಈ ಸೀಮೆಯ ಮಾತಿನಲ್ಲಿಯೇ ಬಂತು. ನಂಜನಗೂಡು, ಚಾಮರಾಜನಗರಗಳ ಆಡುನುಡಿಯಲ್ಲಿ ದೇವನೂರ ಮಹಾದೇವರು ಬರೆದ ‘ಕುಸುಮಬಾಲೆ’ಗೆ 1990ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಸಂದಿತು. ಕುಸುಮಾಲೆ, ಕುಸುಮಬಾಲೆ: ಹೆಸರುಗಳ ಈ ಸಾಮ್ಯದ ಮುಂದೆ ನನ್ನ ಮನಸ್ಸು ಪ್ರತಿ ಸಲವೂ ಒಂದು ಕ್ಷಣ ನಿಲ್ಲುತ್ತದೆ. ಮೇಲ್ಜಾತಿಯ ಕುಸುಮಾಳಿಗೂ ದಲಿತರ ಚನ್ನನಿಗೂ ಒಲವು ಹುಟ್ಟುತ್ತದೆ, ಮಗುವಾಗುತ್ತದೆ, ಚನ್ನನ ಕೊಲೆಯಾಗುತ್ತದೆ. ಘಟನೆಯನ್ನು ಮಾತ್ರ ನೋಡಿದರೆ ಇದೂ ಸಾವಿನಲ್ಲಿ ಮುಗಿಯುವ ಹಳೆಯ ಅಚ್ಚೇ. ಆದರೆ ಇಲ್ಲಿ ಕಥೆ ಸಾವಿನಲ್ಲಿ ಮುಗಿಯುವುದಿಲ್ಲ. ಸಾವಿನಾಚೆಗೆ ಮನೆಗಳು ಉಳಿದಿವೆ, ಮನೆಗಳಲ್ಲಿ ಹೆಂಗಸರಿದ್ದಾರೆ, ಮಗುವಿದೆ. ರಾತ್ರಿ ಊರು ಮಲಗಿದ ಮೇಲೆ ಮನೆಮನೆಯ ದೀಪದ ಜೋತಮ್ಮಂದಿರು ಒಂದೆಡೆ ಸೇರಿ ತಂತಮ್ಮ ಮನೆಯ ಸುಖದುಃಖಗಳನ್ನು ಆಡಿಕೊಳ್ಳುತ್ತಾರೆ, ಮಂಚವೂ ಮಾತನಾಡುತ್ತದೆ. ಕೇರಿಯ ಮನೆಯ ಸೊಡರೂ ಮೇಲಿನ ಮನೆಯ ಸೊಡರೂ ಒಂದೇ ನುಡಿಯಲ್ಲಿ ಮಾತನಾಡುವ ಆ ಏರ್ಪಾಟಿನಿಂದ, ಯಾವ ಒಂದು ಅಂಗಳಕ್ಕೂ ಕಥೆಯ ಒಡೆತನ ಸಿಕ್ಕದೆ ಹೋಯಿತು. ಲೇಖಕರು ಉಪದೇಶ ಮಾಡಲಿಲ್ಲ, ಪಾತ್ರಗಳನ್ನು ಪ್ರತಿಮೆಗಳಾಗಿಸಲಿಲ್ಲ. ಕಥೆ ಹೇಳುವ ಸ್ಥಾನವನ್ನು ಬದಲಿಸಿದರು. ಬಯಲಿನ ಕಾದಂಬರಿಗಳಲ್ಲಿ ನಾನು ಹುಡುಕುತ್ತಿದ್ದ ಆ ಪೋಡಿನ ಜಗುಲಿಯ ದನಿ ಇಲ್ಲಿ ದೊರೆಯಿತು.

ಇನ್ನೊಂದು ಪುಸ್ತಕವನ್ನೂ ಇಲ್ಲಿ ಸ್ಮರಿಸಬೇಕು. ‘ಸಂಸ್ಕಾರ’ದ ಕರ್ತೃವಾದ ಅನಂತಮೂರ್ತಿಯವರು 1956ರಲ್ಲಿ ಕ್ರೈಸ್ತರಾದ ಎಸ್ತರ್ ಅವರನ್ನು ಮದುವೆಯಾದರು. ಪತಿಯ ನಿಧನಾನಂತರ ಎಸ್ತರ್ ಅವರ ‘ನೆನಪು ಅನಂತ’ ಎಂಬ ಸ್ಮೃತಿಗ್ರಂಥ ಪ್ರಕಟವಾಯಿತು. ಅರ್ಧಶತಮಾನಕ್ಕೂ ಮೀರಿ ನಡೆದ ಒಂದು ಅಂತರ್ಮತೀಯ ಸಂಸಾರವನ್ನು ಹೆಂಡತಿಯಾದವಳು ಮನೆಯೊಳಗಿನಿಂದ ಹೇಳಿದ ಮಾತುಗಳು ಅವು. ನಮ್ಮ ಕಥೆಗಳಲ್ಲಿ ಪ್ರಪಾತದ ತುದಿಯಲ್ಲಿ ನಿಂತುಹೋಗುವ ಕಾಲವು ಅಲ್ಲಿ ಮಕ್ಕಳು, ಸ್ನೇಹಿತರು, ಕಾಯಿಲೆ, ಮುಪ್ಪುಗಳ ಮೂಲಕ ಮುಂದಕ್ಕೆ ಹರಿಯುತ್ತದೆ. ಕನ್ನಡ ಕಥೆಗಾರರು ಕಲ್ಪನೆಯಿಂದ ಕಾಣಲಾರದೆ ಹೋದುದನ್ನು ಕನ್ನಡನಾಡಿನ ದಂಪತಿಗಳು ಆಗಲೇ ಬಾಳಿ ತೋರಿಸಿದ್ದರು.

ಹಾಗೆ ಬಾಳಿದವರು ಸುಪ್ರಸಿದ್ಧರು ಮಾತ್ರವಲ್ಲ. 1954ರ ವಿಶೇಷ ವಿವಾಹ ಅಧಿನಿಯಮದ ಪ್ರಕಾರ ನೋಂದಣಿ ಕಚೇರಿಯ ಬೆಂಚಿನ ಮೇಲೆ ಕುಳಿತು ಮೂವತ್ತು ದಿನಗಳ ನೋಟೀಸಿನ ಅವಧಿ ಮುಗಿಯಲೆಂದು ಕಾದ ಜೋಡಿಗಳು ಪ್ರತಿ ತಾಲ್ಲೂಕಿನಲ್ಲಿಯೂ ಇದ್ದಾರೆ. ಹನೂರಿನ ಸಂತೆಯಲ್ಲಿ ತಮಿಳು ಮಾತಿನ ಹೆಂಡತಿಯೂ ಕನ್ನಡ ಮಾತಿನ ಗಂಡನೂ ಎರಡು ಭಾಷೆಗಳಲ್ಲಿ ಚೌಕಾಸಿ ಮಾಡಿ ಒಂದೇ ಚೀಲಕ್ಕೆ ತರಕಾರಿ ತುಂಬುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಅವರ ಮಗು ಅಪ್ಪನನ್ನು ಒಂದು ಭಾಷೆಯಲ್ಲಿ, ಅಮ್ಮನನ್ನು ಇನ್ನೊಂದು ಭಾಷೆಯಲ್ಲಿ ಕಡಲೆಪುರಿಗಾಗಿ ಪೀಡಿಸುತ್ತದೆ. ಒಡೆಯರಪಾಳ್ಯದಲ್ಲಿ ಹುಟ್ಟಿ ಬೆಳೆದ ಟಿಬೆಟ್ಟಿನ ಯುವಕರು ಕೊಳ್ಳೇಗಾಲದ ಅಂಗಡಿಗಳಲ್ಲಿ ನಮ್ಮ ಕಡೆಯ ಕನ್ನಡವನ್ನು ನಮ್ಮಷ್ಟೇ ಸಲೀಸಾಗಿ ಆಡುತ್ತಾರೆ. ಆದರೆ ನನ್ನ ಓದಿಗೆ ಬಂದ ಕನ್ನಡ ಕಥೆಗಳಲ್ಲಿ ಟಿಬೆಟ್ಟಿನವನು ಚಳಿಗಾಲದಲ್ಲಿ ಬೀದಿಬದಿಯಲ್ಲಿ ಸ್ವೆಟರ್ ಮಾರುವವನಾಗಿ ಹಾದುಹೋಗುವನೇ ಹೊರತು ಯಾರ ಮನೆಗೂ ಅಳಿಯನಾಗಿ ಬಂದವನಲ್ಲ. ಅಚ್ಚು ಕೂಡ ಇಲ್ಲದಿರುವುದು ಒಂದು ಬಗೆಯ ಕಡೆಗಣನೆಯೇ.

ಈ ಪರಿಶೀಲನೆಯಲ್ಲಿ ನಾನು ಹಿರಿಯ ಲೇಖಕರ ಕೃತಿಗಳನ್ನು ಕುರಿತು ಕೆಲವು ಕಟುವಾದ ಮಾತುಗಳನ್ನು ಆಡಿದ್ದೇನೆ. ಅವರನ್ನು ಓದಿಯೇ ಬೆಳೆದವನಾದುದರಿಂದ ಆ ಹಕ್ಕು ನನಗಿದೆಯೆಂದು ನಂಬಿದ್ದೇನೆ; ಭಾವನನ್ನು ನಾಲ್ಕು ಮಾತು ಅನ್ನುವ ಹಕ್ಕಿನಂತೆಯೇ ಅದು. ಅವರು ತಮ್ಮ ಅಂಗಳದಲ್ಲಿ ನಿಂತು ತಮಗೆ ಕಂಡುದನ್ನು ಪ್ರಾಮಾಣಿಕವಾಗಿ ಬರೆದರು. ಎದುರು ಅಂಗಳದಿಂದ ಬರೆಯುವವರು ಆಗ ವಿರಳವಾಗಿದ್ದರು. ಈಗ ಹಾಗಿಲ್ಲ. ಯಳಂದೂರು, ಕೊಳ್ಳೇಗಾಲ, ಹನೂರುಗಳ ಕಾಲೇಜುಗಳಿಗೆ ಪೋಡುಗಳಿಂದ ಹೆಣ್ಣುಮಕ್ಕಳು ಬರುತ್ತಿದ್ದಾರೆ. ಅಜ್ಜಿಯ ಬಾಯಿಂದ ರಾತ್ರಿಯಿಡೀ ಕುಸುಮಾಲೆಯ ಹಾಡು ಕೇಳಿದವರು ಅವರು. ಅವರಲ್ಲಿ ನನ್ನ ಪ್ರಾರ್ಥನೆ ಇಷ್ಟೇ: ಆ ಮದುವೆಯ ಕಥೆಯನ್ನು, ಅದರ ಮರುದಿನದ ಕಥೆಯನ್ನು, ನೀವು ಕಂಡ ನಿಮ್ಮೂರಿನ ಬೆರಕೆಯ ಸಂಸಾರಗಳ ಕಥೆಯನ್ನು, ನಿಮ್ಮ ಮಾತಿನಲ್ಲಿಯೇ ಬರೆಯಿರಿ. ಕನ್ನಡದ ಸಂಪಾದಕರಲ್ಲಿ ಇನ್ನೊಂದು ಪ್ರಾರ್ಥನೆ: ಆ ಬರಹಗಳು ನಿಮ್ಮ ಮೇಜಿಗೆ ಬಂದಾಗ, ಅವುಗಳ ಭಾಷೆಯನ್ನು ತಿದ್ದಬೇಡಿ.